ಬಿಗಿ ಮುಚ್ಚಳದ ಡಬ್ಬಿ

ನಾನು ಒಂದು ಸ್ಟೀಲಿನ ಊಟದ ಡಬ್ಬಿ. ತಗಡಾಗಿದ್ದ ನನ್ನನ್ನು ಯಾವುದೋ ಯಂತ್ರ ಒತ್ತಿ ದುಂಡಗೆ ಮಾಡಿತು, ಇನ್ನೊಂದು ಉಜ್ಜಿ ಹೊಳಪು ಕೊಟ್ಟಿತು. ಆ ಕಾಲದ್ದು ಹೆಚ್ಚು ನೆನಪಿಲ್ಲ. ನಾನು ನಿಜವಾಗಿ ಹುಟ್ಟಿದ್ದು ಮೈಸೂರಿನ ಪಾತ್ರೆ ಅಂಗಡಿಯಲ್ಲಿ, ನನ್ನ ಮೇಲೆ ಹೆಸರು ಕೊರೆದ ದಿನ.

ನನ್ನನ್ನು ಕೊಂಡವರು ಜಯಮ್ಮ. ತಮ್ಮನ ಮಗಳ ನಾಮಕರಣಕ್ಕೆ ಉಡುಗೊರೆ ಕೊಡಲು.

"ಮುಚ್ಚಳ ಬಿಗಿಯಾಗಿರ್ಬೇಕು ಕಣಪ್ಪ. ಮಗು ಸ್ಕೂಲಿಗೆ ಹೋಗೋವಾಗ ಸಾರು ಸೋರಬಾರ್ದು."

"ಇದನ್ನ ತೆಗೆಯೋಕೆ ಪೈಲ್ವಾನ್ರೇ ಬೇಕು ಅಕ್ಕ," ಎಂದು ಅಂಗಡಿಯವನು ನಕ್ಕ. ಅವನ ಕೈಯ ಸಣ್ಣ ಯಂತ್ರ ಟರ್ರೆಂದು ನನ್ನ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆಯಿತು: ಇಂಪನ.

ಆ ಹೆಸರನ್ನು ಹೊತ್ತು ಅಡುಗೆಮನೆಯ ಗೂಡಿನಲ್ಲಿ ಕುಳಿತೆ, ಶಾಲೆಯ ದಿನ ಕಾಯುತ್ತ. ಇಂಪನ ತಡವಾಗಿ ಕೂತಳು, ತಡವಾಗಿ ನಡೆದಳು. ಮಾತು ನಾಲ್ಕೈದು ಪದಗಳಿಗೇ ನಿಂತಿತು. ಬುದ್ಧಿಯ ಬೆಳವಣಿಗೆ ನಿಧಾನ ಎಂದರು ಡಾಕ್ಟರು. ಬೀದಿಯ ಶಾಲೆಯವರು, ಇವಳಿಗೆ ಬೇರೆ ಥರದ ಶಾಲೆ ನೋಡಿ ಎಂದು ವಾಪಸ್ಸು ಕಳಿಸಿದರು.

ಮನೆಯಲ್ಲಿ ನನಗೆ ಒಂದು ಕೆಲಸ ಮಾತ್ರ ಇತ್ತು. ಅವಳ ಅಮ್ಮ ವನಜಾಕ್ಷಿ ಬಿಸಿ ಅನ್ನವನ್ನು ನನ್ನ ಮುಚ್ಚಳದ ಮೇಲೆ ಹರಡಿ, ಉಫ್ ಎಂದು ಊದಿ, ತುತ್ತು ಕಟ್ಟುತ್ತಿದ್ದಳು. ಅವಳ ಬಳೆಯ ಸದ್ದಿಗೆ ಇಂಪನಾಳ ಬಾಯಿ ತಾನಾಗಿ ತೆರೆಯುತ್ತಿತ್ತು. ಅಪ್ಪ ಪುಟ್ಟರಾಜು ಇಸ್ತ್ರಿ ಅಂಗಡಿಯಿಂದ ಊಟಕ್ಕೆ ಬಂದವನು ತಮಾಷೆ ಮಾಡುತ್ತಿದ್ದ.

"ಇಷ್ಟು ದೊಡ್ಡೋಳಿಗೆ ಇನ್ನೂ ತುತ್ತೇನೇ? ಹಂಗಾದ್ರೆ ನಂಗೂ ಒಂದು ಹಾಕು."

"ನಿಮಗೆ ಕೈ ಇದ್ಯಲ್ಲ, ತಿನ್ನಿ. ಇವಳಿಗೆ ನನ್ನ ಕೈನೇ ಕೈ."

ಕೊನೆಗೆ ಶಾಲೆ ಹುಡುಕುವ ದಿನ ಬಂತು. ಚೀಲದೊಳಗೆ ಕೂತ ನನಗೆ ಕೆಳಗಿನಿಂದ ವನಜಾಕ್ಷಿಯ ಗಲ್ಲ, ಮೂಗುತಿ ಮಾತ್ರ ಕಾಣುತ್ತಿದ್ದವು. ಏನು ಕಲಿಸುತ್ತೀರಿ ಎಂದು ಅವಳು ಎಲ್ಲಿಯೂ ಕೇಳಲಿಲ್ಲ. ಅವಳ ಪ್ರಶ್ನೆ ಒಂದೇ: ಇವಳಿಗೆ ಊಟ ಯಾರು ಮಾಡಿಸುತ್ತಾರೆ?

ಮೊದಲು ಹೋದದ್ದು ಗಲ್ಲಿಯೊಂದರ ಬಾಡಿಗೆ ಮನೆಯಲ್ಲಿದ್ದ ಪುಟ್ಟ ಶಾಲೆಗೆ. ಅಲ್ಲಿನ ಫಿಲೋಮಿನಾ ಟೀಚರ್ ನನ್ನನ್ನು ಇಂಪನಾಳ ಮುಂದಿಟ್ಟು ಪಕ್ಕದಲ್ಲಿ ಕೂತರು.

"ಯಾರೂ ಮಾಡಿಸಲ್ಲಮ್ಮ. ಅವಳೇ ತಿಂತಾಳೆ."

"ಅವಳಿಗೆ ಮುಚ್ಚಳ ತೆಗೆಯೋಕೇ ಬರಲ್ವಲ್ಲ ಟೀಚರ್."

"ಬರೋವರೆಗೂ ನಾನು ಇಲ್ಲೇ ಕೂತಿರ್ತೀನಿ."

ಇಂಪನಾಳ ಉಗುರು ಜಾರಿತು. ಮತ್ತೆ ಜಾರಿತು. ಅವಳು ನನ್ನನ್ನು ನೆಲಕ್ಕೆ ಕುಟ್ಟಿ ಅತ್ತಳು. ಅಮ್ಮನ ಕೈ ಮುಂದೆ ಬಂತು. "ಇನ್ನೊಂಚೂರು ತಾಳಿ," ಎಂದು ಟೀಚರ್ ಆ ಕೈಯನ್ನು ಮೆಲ್ಲಗೆ ತಡೆದರು. ವನಜಾಕ್ಷಿ ಕೈ ಕೊಡವಿ ಎದ್ದಳು.

"ಹಸಿದ ಮಗು ಅಳೋದನ್ನ ನೋಡ್ಕೊಂಡು ಕೂರೋ ಸ್ಕೂಲು ನಂಗೆ ಬೇಡ."

ಅಷ್ಟರಲ್ಲಿ ನನ್ನ ಮುಚ್ಚಳ ಕೂದಲೆಳೆಯಷ್ಟು ಸರಿದಿತ್ತು. ಅದು ನನಗೊಬ್ಬನಿಗೇ ಗೊತ್ತಾಯಿತು.

ಇನ್ನೊಂದು ಶಾಲೆ ದೊಡ್ಡದು. ಗೋಡೆ ತುಂಬ ನವಿಲು, ಆನೆ ಬರೆದಿದ್ದರು. "ನಮ್ಮ ಆಯಾನೇ ತಿನ್ನಿಸ್ತಾಳೆ, ನೀವು ನೆಮ್ಮದಿಯಾಗಿರಿ," ಎಂದರು. ವನಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಪನ ಅಲ್ಲಿಗೇ ಸೇರಿದಳು.

ಆಯಾ ಕೆಟ್ಟವಳಲ್ಲ. ಸಾಲಾಗಿ ಕೂತ ಅಷ್ಟೂ ಮಕ್ಕಳಿಗೆ ಅವಳೊಬ್ಬಳೇ. ಇಂಪನ ಬಾಯಿ ತೆರೆಯದಿದ್ದರೆ, ಚಿನ್ನಾ, ಬಂಗಾರಾ ಎಂದು ಕರೆದು ನೋಡಿ ಮುಂದಿನ ಮಗುವಿನತ್ತ ಸರಿಯುತ್ತಿದ್ದಳು. ಉಳಿದ ಅನ್ನ ಬಕೆಟ್ಟಿಗೆ ಬೀಳುತ್ತಿತ್ತು. ನನ್ನನ್ನು ಚೆನ್ನಾಗಿ ತೊಳೆದು ಚೀಲಕ್ಕೆ ಹಾಕುತ್ತಿದ್ದಳು.

ಸಂಜೆ ವನಜಾಕ್ಷಿ ನನ್ನನ್ನು ತೆರೆದು ಹಿಗ್ಗುತ್ತಿದ್ದಳು. "ನೋಡ್ರೀ, ಒಂದಗುಳೂ ಬಿಟ್ಟಿಲ್ಲ!" ಮನೆಗೆ ಬಂದ ಮಗಳು ಗಬಗಬನೆ ತುತ್ತು ನುಂಗುವುದನ್ನು ಕಂಡು, ಶಾಲೆಗೆ ಸೇರಿದ ಮೇಲೆ ಹಸಿವು ಹೆಚ್ಚಿದೆ ಎಂದುಕೊಂಡಳು. ನಾನು ಹೊಳೆಯುತ್ತ ಸುಮ್ಮನೆ ಕೂತಿರುತ್ತಿದ್ದೆ.

ಮುಂದೊಂದು ಬೇಸಿಗೆಯಲ್ಲಿ ವನಜಾಕ್ಷಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು. ಬಲಗೈ ಮುರಿದು ಪ್ಲಾಸ್ಟರ್ ಕಟ್ಟು ಹಾಕಿದರು. ಬಳೆಗಳನ್ನು ಬಿಚ್ಚಿಟ್ಟರು. ಪುಟ್ಟರಾಜು ತುತ್ತು ಹಿಡಿದು ಮಗಳ ಮುಂದೆ ಕೂತ. ಅವಳು ತುಟಿ ಬಿಗಿದು ಗೋಡೆ ನೋಡಿದಳು. ಮರುದಿನವೂ ಹಾಗೆಯೇ; ವನಜಾಕ್ಷಿ ಎಡಗೈಯಲ್ಲಿ ಚಮಚ ಹಿಡಿದು ಕುಡಿಸಿದ ಗಂಜಿಯಷ್ಟೇ ಅವಳ ಹೊಟ್ಟೆಗೆ ಇಳಿಯಿತು.

"ಸ್ಕೂಲಲ್ಲಿ ಆಯಾ ಕೈಲಿ ತಿಂತಾಳೆ, ಹೆತ್ತ ಅಪ್ಪನ ಕೈಲಿ ಯಾಕೆ ತಿನ್ನಲ್ಲ?" ಎಂದು ಅವನು ಸೋತು ಕೇಳಿದ.

ವನಜಾಕ್ಷಿ ತಟ್ಟೆ ಸ್ಟ್ಯಾಂಡಿನಲ್ಲಿದ್ದ ನನ್ನನ್ನೇ ಬಹಳ ಹೊತ್ತು ನೋಡಿದಳು.

"ಆ ಡಬ್ಬಿ ಯಾವತ್ತೂ ತೊಳೆದೇ ಬರ್ತಿತ್ತಲ್ರೀ," ಎಂದಳು. ಆಮೇಲೆ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು.

ಕಟ್ಟಿದ ಕೈಯಲ್ಲೇ ಅವಳು ಮಗಳನ್ನು ಕರೆದುಕೊಂಡು ಗಲ್ಲಿಯ ಶಾಲೆಗೆ ಹೋದಳು. ಫಿಲೋಮಿನಾ ಟೀಚರ್ ಹಳೆಯದನ್ನು ಎತ್ತಲಿಲ್ಲ. "ನೀವು ಮೆಟ್ಟಿಲ ಮೇಲೆ ಕೂತಿರಿ. ಒಳಗೆ ಮಾತ್ರ ಬರಬೇಡಿ," ಎಂದರು. ನಾನು ನೆಲಕ್ಕೆ ಬಡಿದ ಸದ್ದೆಲ್ಲ ಹೊರಗೆ ಅವಳಿಗೆ ಕೇಳುತ್ತಿತ್ತು. ಮೊದಲು ಎಳೆಯ ಮಕ್ಕಳು ಕಲಿತರು. ಇಂಪನ ದೊಡ್ಡವಳಾಗಿ ಬಂದಿದ್ದಳು, ಅವಳಿಗೆ ತಡವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ನನ್ನ ಮುಚ್ಚಳ ಟಪ್ಪೆಂದು ಹಾರಿತು. ಟೀಚರ್ ಚಪ್ಪಾಳೆ ತಟ್ಟಿದರು. ಮೆಟ್ಟಿಲ ಮೇಲಿದ್ದವಳು ಎದ್ದು ಬಂದು ಹೊಸ್ತಿಲಲ್ಲೇ ನಿಂತಳು.

ತಡವಾಗಿಯಾದರೂ ಕೈ ಪೂರ್ತಿ ಕೂಡಿಕೊಂಡಿತು, ಬಳೆ ಮರಳಿತು. ವನಜಾಕ್ಷಿ ಆಸೆಯಿಂದ ತುಪ್ಪದನ್ನ ಕಲಸಿ, ಊದಿ, ತುತ್ತು ಹಿಡಿದಳು. ಇಂಪನ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದಳು.

"ನಾನೇ."

ವನಜಾಕ್ಷಿ ನಕ್ಕಳು. ಆ ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡಳು.

ಇಂಪನ ದೊಡ್ಡ ಹುಡುಗಿಯಾದಳು. ನನ್ನ ಮೈಯಲ್ಲಿ ತಗ್ಗು ಬಿತ್ತು, ಮುಚ್ಚಳ ಸಡಿಲವಾಯಿತು. ಆಮೇಲೆ ಒಂದು ಚಳಿಗಾಲ ವನಜಾಕ್ಷಿ ಆಸ್ಪತ್ರೆಗೆ ಹೋದವಳು ಜೀವಂತವಾಗಿ ಮನೆಗೆ ಬರಲಿಲ್ಲ. ಒಲೆ ಹೊತ್ತಿಸದ ಮನೆಗೆ ಪಕ್ಕದವರು ಅನ್ನ ಸಾರು ತಂದರು.

"ಅಯ್ಯೋ, ಇನ್ನು ಈ ಹುಡುಗಿಗೆ ತುತ್ತು ಕೊಡೋರ್ಯಾರು?" ಎಂದು ನನ್ನನ್ನು ಕೊಂಡು ಕೊಟ್ಟಿದ್ದ ಜಯಮ್ಮ ಅತ್ತರು.

ಇಂಪನ ಎದ್ದು ಬಂದು ಗೂಡಿನಿಂದ ನನ್ನನ್ನು ಇಳಿಸಿದಳು. ಅನ್ನ ಹಾಕಿಸಿಕೊಂಡಳು. ಮುಚ್ಚಳದಲ್ಲಿದ್ದ ತನ್ನ ಹೆಸರಿನ ಮೇಲೆ ಅದನ್ನು ಹರಡಿ, ಉಫ್ ಎಂದು ಊದಿ, ತುತ್ತು ಕಟ್ಟಿದಳು. ಅದನ್ನು ಹಿಡಿದು ಬಾಗಿಲ ಕಡೆ ನೋಡುತ್ತ ಕೂತಳು. ಅನ್ನ ಪೂರ್ತಿ ಆರಿತು. ಆಮೇಲೆ "ನಾನೇ" ಎಂದು ಯಾರಿಗೂ ಕೇಳದ ಹಾಗೆ ಹೇಳಿ, ತಿಂದಳು.

ಈಗ ನನ್ನಲ್ಲಿ ಸಾರು ನಿಲ್ಲುವುದಿಲ್ಲ. ಗೂಡಿನ ಮೂಲೆಯಲ್ಲಿ ಖಾಲಿ ಇದ್ದೇನೆ. ಬಿಗಿಯಾಗಿರಲೆಂದು ನನ್ನನ್ನು ಆರಿಸಿ ತಂದರು. ಆ ಮಗುವಿನ ಬೆರಳಿಗೆ ಬೇಕಾದದ್ದು ನಾನು ಸಡಿಲವಾಗುವುದು, ಅದನ್ನು ಕಾಯುವವರು ಯಾರಾದರೂ ಪಕ್ಕದಲ್ಲಿರುವುದು. ಇಂಪನ ದಿನವೂ ಒಮ್ಮೆ ನನ್ನನ್ನು ತೆರೆಯುತ್ತಾಳೆ. ಒಳಗೆ ಏನೂ ಇಲ್ಲ. ಆದರೂ ಮುಚ್ಚಳವನ್ನು ಅಂಗೈಯಲ್ಲಿಟ್ಟುಕೊಂಡು ಉಫ್ ಎಂದು ಊದಿ, ಮತ್ತೆ ಮುಚ್ಚಿ ಇಡುತ್ತಾಳೆ.