ನೆಲದಡಿಯಲ್ಲಿ ಆಡಿದ ಮಾತು

ಅಧಿಕಾರಿ ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದಾಗ ಮುನಿಸ್ವಾಮಪ್ಪ ಕಿಟಕಿಯ ಬಿಸಿಲಲ್ಲಿ ತೇಲುತ್ತಿದ್ದ ಧೂಳನ್ನು ನೋಡುತ್ತ ನಿಂತಿದ್ದ. ಪಾಳಿ ಮುಗಿಸಿ ಮೇಲೆ ಬಂದವನನ್ನು ಮನೆಗೂ ಬಿಡದೆ ಚಿನ್ನದ ಗಣಿಯ ಬಾಗಿಲಿಂದಲೇ ಕರೆತಂದಿದ್ದರು. ಕೆಳಗಿನ ಕಾವು ಇನ್ನೂ ಮೈಯಲ್ಲಿತ್ತು. ಅಷ್ಟು ಆಳದಿಂದ ಬಂದಾಗಲೆಲ್ಲ ಅವನಿಗೆ ಸ್ವಲ್ಪ ಹೊತ್ತು ಮೇಲಿನ ಲೋಕವೇ ಯಾರೋ ಕಾಣುತ್ತಿರುವ ಕನಸು ಅನ್ನಿಸುತ್ತಿತ್ತು. ಎದುರಿಗಿದ್ದವರ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು.

ಆ ಇಂಗ್ಲಿಷ್ ಪೊಲೀಸ್ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಗಣಿಯ ಗುಮಾಸ್ತ ಕೋದಂಡಪ್ಪ ಪಕ್ಕದಲ್ಲಿ ನಿಂತು ತಿಳಿಸಿಹೇಳುತ್ತಿದ್ದ. ಪೇತ್ರು ದೊರೆ ಸರ್ಕಾರದ ವಿರುದ್ಧ ಏನು ಮಾತಾಡಿದ? ಕೆಲಸ ನಿಲ್ಲಿಸಿ ಎಂದನೇ? ಇಷ್ಟೇ ಪ್ರಶ್ನೆ.

ಪೇತ್ರು ದೊರೆ ಇಟಲಿಯವನು. ನಿಜವಾದ ಹೆಸರು ಬೇರೆಯಿತ್ತು. ಕೂಲಿಯವರ ಬಾಯಲ್ಲಿ ಸವೆದು ಹೀಗಾಗಿತ್ತು. ಅಮೃತಶಿಲೆ ಒಡೆಯುವ ಊರಿನಿಂದ ಹದಿನೆಂಟು ವರ್ಷದ ಹಿಂದೆ ಬಂದವನು. ಕಲ್ಲು ಕುಸಿಯದ ಹಾಗೆ ಸುರಂಗಕ್ಕೆ ಮರದ ಆಸರೆ ಕೊಡಿಸುವುದು ಅವನ ಕೆಲಸ. ಮುನಿಸ್ವಾಮಪ್ಪ ಅವನ ಬಲಗೈ. ಕಲ್ಲು ಬೀಳುವ ಮುಂಚೆ ಮರ ನರಳುತ್ತದೆ ಎಂದು ಕಲಿಸಿದವನು ಅವನೇ. ದೀಪ ಮರೆಮಾಡಿ, ಒಂದೇ ಕಂಬಕ್ಕೆ ಆ ಕಡೆ ಈ ಕಡೆ ಕಿವಿಯಿಟ್ಟು ಇಬ್ಬರೂ ಉಸಿರು ಹಿಡಿದು ನಿಲ್ಲುತ್ತಿದ್ದರು. ಇಂಗ್ಲಿಷ್ ದೊರೆಗಳ ಕ್ಲಬ್ಬಿನಲ್ಲಿ ಅವನಿಗೆ ಅಷ್ಟಾಗಿ ಜಾಗವಿರಲಿಲ್ಲ. ಮುನಿಸ್ವಾಮಪ್ಪನ ಬುತ್ತಿಯ ರಾಗಿಮುದ್ದೆಯನ್ನು ಮುರಿದು ತಿನ್ನುತ್ತಿದ್ದ.

ಮೂರು ದಿನದ ಹಿಂದೆ ಇಟಲಿ ಬ್ರಿಟಿಷರ ವಿರುದ್ಧ ಯುದ್ಧಕ್ಕಿಳಿಯಿತು. ಗಣಿಯಿಂದ ಮೇಲೇರಿಸುವ ಕೇಜಿನಿಂದ ಹೊರಗೆ ಕಾಲಿಟ್ಟ ಪೇತ್ರುವನ್ನು ಪೊಲೀಸರು ಅಲ್ಲೇ ಹಿಡಿದರು. ಇಳಿಯುವಾಗ ದೊರೆಯಾಗಿದ್ದವನು ಏರಿ ಬರುವಷ್ಟರಲ್ಲಿ ಶತ್ರುವಾಗಿದ್ದ.

ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ಪೇಪರು ಓದಿ ಹೇಳುವ ಜಯರಾಮಪ್ಪನಿಂದ ಮುನಿಸ್ವಾಮಪ್ಪನಿಗೆ ಲೋಕದ ಸುದ್ದಿ ಅಷ್ಟಿಷ್ಟು ಗೊತ್ತಿತ್ತು. ಚಿಮಣಿ ಎದ್ದ ಕಡೆಯಲ್ಲೆಲ್ಲ ಸಾವಿರಾರು ಜನ ಒಂದೆಡೆ ಸೇರುತ್ತಾರೆ, ಆ ಗುಂಪನ್ನು ಏನು ಮಾಡುವುದೆಂದು ಒಂದೊಂದು ದೇಶ ಒಂದೊಂದು ದಾರಿ ಹಿಡಿದಿದೆ ಎನ್ನುತ್ತಿದ್ದ ಜಯರಾಮಪ್ಪ. "ಒಬ್ರು ಕೈಗೆ ಕೆಂಪು ಬಾವುಟ ಕೊಟ್ರು, ಇನ್ನೊಬ್ರು ಮೈಗೆ ಕರಿ ಅಂಗಿ ಒಲಿಸಿದ್ರು. ನಮ್ಗಿನ್ನೂ ಅಳತೇನೇ ತಗೊಂಡಿಲ್ಲ ಕಣಣ್ಣ." ಹೀಗೆ ಹೇಳಿ, ನಿಮ್ಮ ದೊರೆಯೂ ಇಟಲಿಯ ಸರ್ವಾಧಿಕಾರಿಯ ಆ ಕರಿಯಂಗಿ ಪಡೆಯವನೇ ಏನು ಎಂದು ಕೇಳಿದ್ದ. ಮುನಿಸ್ವಾಮಪ್ಪ ಅದನ್ನು ಕೆಳಗೆ ಕೇಳಿಯೇಬಿಟ್ಟಿದ್ದ. ಪೇತ್ರು ತನ್ನೂರಿನ ಕಲ್ಲುಗಣಿಯಲ್ಲಿ ಕೂಲಿಯವರ ಸಂಘ ಕಟ್ಟಿದ ತನ್ನ ತಮ್ಮನ ಕಾಲನ್ನು ಕರಿಯಂಗಿಯವರು ಮುರಿದ ಕಥೆ ಹೇಳಿದ. ತಾನು ದೇಶ ಬಿಟ್ಟದ್ದು ಆ ವರ್ಷವೇ ಎಂದ.

ಯುದ್ಧದ ಸುದ್ದಿ ಕೆಳಗೂ ತಲುಪಿದ ಆ ದಿನ, ಮೇಲೇರುವ ಮುಂಚೆ, ಅಧಿಕಾರಿ ಕೇಳುತ್ತಿದ್ದಂಥ ಮಾತನ್ನು ಅವನು ಆಡಿದ್ದು ಮಾತ್ರ ನಿಜ. ಮರದ ದಿಮ್ಮಿಯ ಮೇಲೆ ಕೂತು, ಗೋಡೆಯಲ್ಲಿ ಬಂಗಾರ ಅಡಗಿದ ಬಿಳಿಗಲ್ಲನ್ನು ಬೆರಳಿಂದ ಸವರುತ್ತ, ತೆಲುಗು ತಮಿಳು ಬೆರೆತ ತನ್ನ ಕನ್ನಡದಲ್ಲಿ ಹೇಳಿದ್ದ.

"ಈ ಬಂಗಾರ ಲಂಡನ್‌ಗೆ ಓಗ್ತದೆ, ಮುನ್ಸಾಮಿ. ಅಲ್ಲಿ ಬಾಂಬು ಆಗ್ತದೆ. ನಾಳೆ ನಮ್ಮಮ್ಮ ಮನೆ ಮೇಲೆ ಬೀಳ್ತದೆ. ನಾನು ಯಾಕೆ ತೆಗೀಬೇಕು? ನೀನು ಯಾಕೆ ತೆಗೀಬೇಕು?"

ಆ ಗಳಿಗೆಯಲ್ಲಿ ಮುನಿಸ್ವಾಮಪ್ಪನಿಗೆ ಸುರಂಗ ಅಲ್ಲಿಗೇ ನಿಲ್ಲದೆ ಉದ್ದವಾಗುತ್ತ, ಬೆಟ್ಟಗಳ ಬುಡ ದಾಟಿ, ಕಡಲ ಕೆಳಗೆ ಹಾಯ್ದು ಹೋದಂತೆ ಕಂಡಿತ್ತು. ಅದರ ಆ ತುದಿಯಲ್ಲಿ ಒಬ್ಬ ಮುದುಕಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನೆಲದೊಳಗೆ ಯಾರೋ ಕುಟ್ಟುವ ಸದ್ದು ಕೇಳಿ ಅವಳು ಒಂದು ಕ್ಷಣ ನಿಂತಳು.

ಈಗ ಕೋದಂಡಪ್ಪ ಮುನಿಸ್ವಾಮಪ್ಪನ ಕಿವಿಯ ಹತ್ತಿರ ಬಾಗಿದ. "ಏನಾರ ಒಂದೇಳಿ ಎಬ್ಬೆಟ್ಟೊತ್ತಿ ಓಗಣ್ಣ. ಇಲ್ದಿದ್ರೆ ನಿನ್ನೂ ಅವನ ಜತೆಗೆ ಸೇರಿಸ್ತಾರೆ." ಉಳಿದ ಇಟಲಿಯವರನ್ನು ಬರಿಯ ಕಾವಲಿನ ಶಿಬಿರದಲ್ಲಿಡುತ್ತಾರೆ, ಸಾಕ್ಷಿ ಸಿಕ್ಕರೆ ಪೇತ್ರುವಿಗೆ ಜೈಲು ಎಂಬುದನ್ನೂ ಅವನೇ ಪಿಸುಗುಟ್ಟಿದ.

ಮುನಿಸ್ವಾಮಪ್ಪ ಧೂಳಿನಿಂದ ಕಣ್ಣು ತೆಗೆದ. "ಒಳಗೆ ಮಾತಾಡಾಕೆ ಪುರುಸೊತ್ತೆಲ್ಲೈತೆ ಸ್ವಾಮಿ. ಮರ ಮಾತಾಡ್ತದೆ, ನಾವು ಕೇಳ್ತೀವಿ. ಅಷ್ಟೆ."

ದೇವರ ಮೇಲೆ ಆಣೆ ಮಾಡುತ್ತೀಯಾ ಎಂದರು. ಅವನು ಊರ ಗಂಗಮ್ಮನ ಹೆಸರು ಹೇಳಿ ಆಣೆ ಮಾಡಿದ. ಸಾಕ್ಷಿಯ ಕಾಗದಕ್ಕೆ ಹೆಬ್ಬೆಟ್ಟು ಮಾತ್ರ ಒತ್ತಲಿಲ್ಲ. ಅಧಿಕಾರಿ ಕಾಗದದ ಮೇಲೆ ಏನೋ ಗೀಚಿದ. ನಾಳೆಯಿಂದ ಕೆಳಗಿಳಿಯುವ ಕೆಲಸವಿಲ್ಲ, ಮೇಲೆ ಮರ ಹೊರುವವರ ಜೊತೆ ಸೇರು ಎಂದು ಕೋದಂಡಪ್ಪ ಅದನ್ನು ಓದಿ ಹೇಳಿದ.

ಕ್ಯಾಸಂಬಳ್ಳಿ ಕಡೆಯ ತನ್ನ ಊರಿಗೆ ನಡೆದುಹೋಗುವಾಗ ಕೆಳಗಿನ ಕೆಲಸ ಹೋದದ್ದಕ್ಕಿಂತ ಸುಳ್ಳು ಆಣೆಯೇ ಅವನಿಗೆ ಭಾರವಾಗಿತ್ತು. ಹೆಂಡತಿ ಅಕ್ಕಯ್ಯಮ್ಮನಿಗೆ ಒಂದೂ ಬಿಡದೆ ಹೇಳಿದ. ಅವಳು ಹಸುವಿನ ಕೆಚ್ಚಲಿಂದ ಕೈ ತೆಗೆಯದೆ ಎಲ್ಲವನ್ನೂ ಕೇಳಿದಳು. ಹಾಲಿನ ಸದ್ದು ನಿಂತ ಮೇಲೆ, "ಗಂಗಮ್ಮಂಗೆ ನಾನೇಳ್ತೀನಿ ಬಿಡು," ಎಂದಳು. "ಅವಳೂ ತಾಯೇ ತಾನೆ."

ಎರಡು ದಿನ ಬಿಟ್ಟು ಇಟಲಿಯವರನ್ನು ಸಾಗಿಸುತ್ತಾರೆಂದು ತಿಳಿದು ಅವನು ಬಂಗಾರಪೇಟೆ ಸ್ಟೇಷನ್ನಿಗೆ ಹೋದ. ಜಿನುಗು ಮಳೆ ಆಗತಾನೆ ನಿಂತಿತ್ತು. ಹಳಿಗಳಿಂದ ಹಬೆ ಏಳುತ್ತಿತ್ತು. ಆ ಹಬೆಯ ನಡುವೆ ರೈಲು ನೆಲ ಮುಟ್ಟದೆ ನಿಂತಂತಿತ್ತು. ಪೇತ್ರು ಕಿಟಕಿಯ ಪಕ್ಕ ಕೂತಿದ್ದ. ಅವನೆದುರು ಯಾವ ಸೀಮೆಯವನೋ ಒಬ್ಬ ಎಳೆಯ ಸಿಪಾಯಿ ಬಂದೂಕು ಹಿಡಿದಿದ್ದ. ಮುನಿಸ್ವಾಮಪ್ಪ ಹತ್ತಿರ ಹೋಗಿ ನಿಂತ. ಹದಿನೆಂಟು ವರ್ಷವೂ ದೀಪದ ಬೆಳಕಲ್ಲೇ ನೋಡಿದ್ದ ಮುಖ. ಕಣ್ಣು ಅಷ್ಟು ನೀಲಿಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮುನಿಸ್ವಾಮಪ್ಪ ಪಕ್ಕದಲ್ಲಿ ಹಣ್ಣು ಮಾರುತ್ತಿದ್ದ ಹೆಂಗಸಿನ ಮಕ್ಕರಿಯಿಂದ ಎಲೆಯಲ್ಲಿ ಸುತ್ತಿದ ನೇರಳೆಹಣ್ಣು ಕೊಂಡು ಕಿಟಕಿಗೆ ಚಾಚಿದ. ಸಿಪಾಯಿ ಅಡ್ಡ ಕೈ ಹಾಕಿದ. ಎಲೆಯನ್ನು ಬಿಚ್ಚಿ ನೋಡಿ, ಒಂದು ಹಣ್ಣನ್ನು ತನ್ನ ಬಾಯಿಗೇ ಹಾಕಿಕೊಂಡ. ಚೀಪಿದ. ಆಮೇಲೆ ಎಲೆಯನ್ನು ಬೆಂಚಿನ ಮೇಲೆ ಇಬ್ಬರ ಕೈಗೂ ಎಟಕುವಂತೆ ಇಟ್ಟ.

ರೈಲು ಕದಲಿತು. ಮುನಿಸ್ವಾಮಪ್ಪ ನಾಲ್ಕು ಹೆಜ್ಜೆ ಜೊತೆಯಲ್ಲೇ ನಡೆದ. ಹಣ್ಣು ಚೀಪುತ್ತಿದ್ದ ಪೇತ್ರು ಏನೋ ಹೇಳಲು ಬಾಯಿ ತೆರೆದ, ನಾಲಿಗೆ ನೇರಳೆಯಾಗಿತ್ತು. ಎದುರು ಕೂತ ಸಿಪಾಯಿಯ ತುಟಿಯೂ ಅದೇ ಬಣ್ಣ. ಆ ಸಿಪಾಯಿ ಕಿಟಕಿಯಾಚೆ ಬಾಗಿ, ಬೀಜವೊಂದನ್ನು ಹಬೆಯೊಳಕ್ಕೆ ಉಗಿದ.