ಷಷ್ಠಿಯ ದಿನದ ಸಹಿ

ನನ್ನ ಮಗ ಸಂಕರ್ಷಣ ತಾಯಲೂರಿನ ಹತ್ತಿರದ ಗೊಬ್ಬರದ ಕಾರ್ಖಾನೆಯಲ್ಲಿ ಬಾಯ್ಲರ್ ರಿಜಿಸ್ಟರ್ ಬರೆಯುತ್ತಿದ್ದ. ದಿನಕ್ಕೆ ಎಷ್ಟು ಕಲ್ಲಿದ್ದಲು ಉರಿಯಿತೆಂದು ಬರೆದು ಸಹಿ ಹಾಕುವುದು ಅವನ ಕೆಲಸ. 2007ರ ಶ್ರಾವಣದಲ್ಲಿ ಜ್ವರ ಬಂತು. ಒಂದೇ ವಾರದಲ್ಲಿ ಶ್ರೀಹರಿಯ ಪಾದ ಸೇರಿದ. ಮಗನಿಗೆ ತಂದೆಯಾದ ನಾನು ಪಿಂಡ ಇಟ್ಟೆ. ಅದರ ವಿಷಯ ಹೆಚ್ಚು ಬರೆಯಲಾರೆ.

ವರ್ಷಾಬ್ದಿಕ ಮುಗಿದ ಮೇಲೆ ಮ್ಯಾನೇಜರ್ ಕದಿರೇಶ ಮುಳಬಾಗಿಲಿನ ನಮ್ಮ ಮನೆಗೆ ಬಂದ. ಕಾರ್ಖಾನೆ 2005ರಿಂದಲೇ ಕಲ್ಲಿದ್ದಲು ಬಿಟ್ಟು ಕಡಲೆಕಾಯಿ ಹೊಟ್ಟು ಉರಿಸುತ್ತಿದೆಯಂತೆ. ಹೊಗೆಯ ಇಂಗಾಲ ಇಳಿದಿದ್ದಕ್ಕೆ ಹೊರದೇಶದವರು ಪ್ರಮಾಣಪತ್ರ ಕೊಡುತ್ತಾರಂತೆ, ಅದನ್ನು ಮಾರಿದರೆ ದುಡ್ಡಂತೆ.

"ರಿಜಿಸ್ಟರು ಸಂಕರ್ಷಣ ಬರೆದಿದ್ದೇ ಅಂತ ಒಂದು ಸಹಿ ಹಾಕ್ಬಿಡಿ ಆಚಾರ್ರೇ. ನಿಮ್ಮ ಸೊಸೆಗೆ ಆಫೀಸಲ್ಲಿ ಕೆಲಸ ಕೊಡಿಸ್ತೀನಿ."

"ನೋಡದೆ ಹಾಕಲ್ಲಪ್ಪ."

"ನಾಡಿದ್ದು ಸಭೇಲಿ ನೋಡಿ, ಅಲ್ಲೇ ಹಾಕಿ."

ಅವನು ಹೋದ ಮೇಲೆ ಸೊಸೆ ವಿಭಾ, ಫಾಲ್ಸ್ ಹೊಲಿಯುತ್ತಿದ್ದ ಸೀರೆಯನ್ನು ಪಕ್ಕಕ್ಕಿಟ್ಟು ಹೇಳಿದಳು: "ಹೊಟ್ಟಂತೆ! ಕೊನೇ ವಾರದವರೆಗೂ ಅವರ ಅಂಗಿಯ ಕಲ್ಲಿದ್ದಲ ಮಸಿ ಒಗೆದವಳು ನಾನು, ಮಾವ."

ಸಭೆ ಕಾರ್ಖಾನೆಯ ಅಂಗಳದಲ್ಲಿ; ವಿಭಾಳೂ ನನ್ನ ಜೊತೆ ಬಂದಳು. ಪರಿಶೀಲನೆಗೆ ಬೆಂಗಳೂರಿನಿಂದ ಚಿತ್ರಾ ಎಂಬ ಅಧಿಕಾರಿ ಬಂದಿದ್ದರು. ಹೊಗೆ ಕಡಿಮೆಯಾಗಿದೆಯೇ ಎಂದು ಅವರು ಕೇಳಿದೊಡನೆ ರೈತ ಸುಬ್ಬರಾಯಪ್ಪ ಎದ್ದ.

"ಕಮ್ಮಿ ಆಗಿದ್ರೆ ನಮ್ ಮಾವಿನೆಲೆ ಯಾಕಮ್ಮ ಮಸಿಬಟ್ಟೆ ಆಗೈತೆ?"

"ಏಯ್, ಕೂತ್ಕೊಳ್ಳಯ್ಯ, ಬೋಂಡ ಬರ್ತಿದೆ" ಎಂದ ಕದಿರೇಶ.

"ಬೋಂಡಾನೂ ಕರ್ರಗೇ ಇರ್ತದೆ ಬಿಡು!"

ಜನ ನಕ್ಕರು. ರಿಜಿಸ್ಟರು ನನ್ನ ಕೈಗೆ ಬಂತು. ಅಕ್ಷರ ಮಗನದರಂತೆಯೇ ಇತ್ತು. ಕಣ್ಣು ತುಂಬಿತು, ಸಹಿ ಹಾಕಿಯೇ ಬಿಡುತ್ತಿದ್ದೆನೇನೋ. ಪುಟ ತಿರುವಿದೆ. 2005ರ ನವೆಂಬರ್ 7: ರಜೆ, ತಾಯಿಯ ಶ್ರಾದ್ಧ. ಸರಿ. 2006ರ ನವೆಂಬರ್ 7: ರಜೆ, ತಾಯಿಯ ಶ್ರಾದ್ಧ.

ನನ್ನ ಕೈ ನಿಂತಿತು. ಹಿಂದಕ್ಕೆ ತಿರುವಿ ಅಕ್ಟೋಬರ್ 28 ನೋಡಿದೆ. ಕಲ್ಲಿದ್ದಲು ಇಲ್ಲ, ಹೊಟ್ಟು ಒಂಬತ್ತು ಟನ್, ಕೆಳಗೆ ಸಂಕರ್ಷಣನ ಸಹಿ.

ಎದ್ದು ನಿಂತೆ. "ನೋಡಿಯಮ್ಮ, ನನ್ನ ಹೆಂಡತಿಯ ಶ್ರಾದ್ಧ ಕಾರ್ತಿಕ ಶುದ್ಧ ಷಷ್ಠಿ. 2006ರಲ್ಲಿ ಅದು ಬಂದದ್ದು ಅಕ್ಟೋಬರ್ ಇಪ್ಪತ್ತೆಂಟಕ್ಕೆ. ಅವತ್ತು ನನ್ನ ಮಗ ಒದ್ದೆ ಪಂಚೆಯಲ್ಲಿ ನನ್ನೆದುರು ಪಿಂಡ ಇಡ್ತಾ ಕೂತಿದ್ದ. ಇಲ್ಲಿ ಹೊಟ್ಟು ತೂಗ್ತಿದ್ದ ಅಂತ ಬರೆದಿದೆ. ಒಂದು ವರ್ಷದ ರಜೆ ಚೀಟಿ ನೋಡಿ ಎರಡು ವರ್ಷಕ್ಕೂ ಬರೆಸಿದ್ದೀಯ, ಕದಿರೇಶ. ತಿಥಿ ಇಂಗ್ಲಿಷ್ ತಾರೀಖು ನೋಡ್ಕೊಂಡು ಬರಲ್ಲ ಕಣೋ."

ಚಿತ್ರಾ ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಆ ವರ್ಷದ ಪಂಚಾಂಗ ಇದೆಯಾ?"

"ಮನೇಲಿ ಮೂವತ್ತು ವರ್ಷದ್ದಿದೆ."

"ಹಾಗಾದ್ರೆ ಇದನ್ನ ಬರೆದು ಕೊಡ್ತೀರಾ?"

ಕದಿರೇಶ ನನ್ನ ಕಿವಿಯ ಹತ್ತಿರ ಬಗ್ಗಿದ. "ಸೊಸೆ ಕೆಲಸ ಮರೆತುಬಿಡಿ."

ಆಗ ನಾನು ಹಿಂಜರಿದೆ. ನನಗೆ ಉಳಿದದ್ದು ಎಷ್ಟು ದಿನ? ಬಾಳಬೇಕಾದವಳು ಅವಳು. ವಿಭಾ ಹೆಂಗಸರ ಸಾಲಿನಿಂದ ಎದ್ದು ಬಂದಳು. ಕದಿರೇಶನ ಜೇಬಿನಿಂದಲೇ ಪೆನ್ನು ತೆಗೆದು ನನ್ನ ಮುಂದೆ ಹಿಡಿದಳು.

"ಬರೀರಿ ಮಾವ. ಅವರ ಹೆಸರಲ್ಲಿ ಸುಳ್ಳು ಬರೆದ ಮೇಜಿನ ಮುಂದೆ ನಾನು ಕೂರಲ್ಲ."

ನರಸಿಂಹನನ್ನು ನೆನೆದು ಬರೆದೆ. ಮೇಲೆ, ಸರ್ವಧಾರಿ ಸಂವತ್ಸರ, ಭಾದ್ರಪದ ಬಹುಳ ತೃತೀಯಾ. ಕೆಳಗೆ ನನ್ನ ಸಹಿ. ಅದರ ಕೆಳಗೆ ಅವಳದು.

"ತಾರೀಖು ಹಾಕಿಲ್ಲ" ಎಂದ ಕದಿರೇಶ, ಇನ್ನೂ ಏನೋ ದಾರಿ ಸಿಕ್ಕೀತೆಂಬಂತೆ.

"ಅದನ್ನ ನೀನೇ ಹುಡುಕಿ ಹಾಕು" ಎಂದೆ. "ಈ ಸಲ ಸರಿಯಾಗಿ."