ಕೆಂಪು ಹಗ್ಗದ ಒಳಗೆ

"ಮುಟ್ಟಬೇಡ," ಎಂದ. ಹೆಂಡತಿ ಇನ್ನೂ ಮುಟ್ಟಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟು ಕೆಳಗಿನ ನದಿ ನೋಡಲು ಹೊರಟಿದ್ದಳು, ಅಷ್ಟೇ.

"ಇದೂ ನಿಮ್ಮ ಕಾಯ್ದೆನಾ?"

"ಕೈ ಬೆವರು ಕಲ್ಲಿಗೆ ಒಳ್ಳೇದಲ್ಲ."

ಈ ಕೋಟೆಯ ದುರಸ್ತಿ ಮಾಡಿಸಿದ ಎಂಜಿನಿಯರ್ ಅವನೇ. ಹಳೆಯ ಗೋಡೆಯಲ್ಲಿ ಹೊಸ ಕಲ್ಲನ್ನು ಒಂದು ಬೆರಳು ಒಳಕ್ಕೆ ಸರಿಸಿ ಕೂರಿಸುವುದು ಅವನ ಕಸುಬಿನ ಕ್ರಮ. ತೇಪೆ ತೇಪೆಯೆಂದೇ ಕಾಣಬೇಕು. ಇದನ್ನು ವಿವರಿಸುವಾಗ ದನಿಯಲ್ಲಿ ಮನೆಯಲ್ಲಿ ಎಂದೂ ಇರದ ಅಕ್ಕರೆ ಇತ್ತು. ಅದು ಅವನಿಗೇ ಕೇಳಿಸಿ ನಾಚಿಕೆಯಾಯಿತು.

ನಾಳೆ ಅವಳು ಅಕ್ಕನ ಮನೆಗೆ ಹೋಗುತ್ತಾಳೆ. ಬಟ್ಟೆಬರೆ ಕಟ್ಟಿಯಾಗಿದೆ. ಯಾವಾಗ ವಾಪಸು ಎಂದು ಅವನು ಕೇಳಿಲ್ಲ, ಅವಳು ಹೇಳಿಲ್ಲ. ಹೋಗುವ ಮುಂಚೆ ಒಮ್ಮೆ ನಿಮ್ಮ ಕೋಟೆ ತೋರಿಸಿ ಎಂದಿದ್ದಳು. 'ಹೋಗಬೇಡ' ಎಂಬ ಮಾತು ಬೆಳಗಿನಿಂದ ಅವನಿಗೆ ಬಿಸಿತುಪ್ಪವಾಗಿತ್ತು; ಉಗುಳಲೂ ಆಗದು, ನುಂಗಲೂ ಆಗದು.

ಊಟದ ಕೋಣೆಯಲ್ಲಿ ಉದ್ದನೆಯ ಮೇಜು, ತಟ್ಟೆಗಳು, ಹೂಜಿ, ಕುರ್ಚಿಗಳು. ಸುತ್ತ ಕೆಂಪು ಹಗ್ಗ. ಕುರ್ಚಿಯ ಕಾಲುಗಳು ಎಲ್ಲಿ ನಿಲ್ಲಬೇಕೆಂದು ನೆಲದಲ್ಲಿ ಅವನೇ ಗುರುತು ಹಾಕಿಸಿದ್ದ.

"ನೀವು ರಿಪೇರಿ ಮಾಡಿಸಿದ ಮೇಲೆ ಇಲ್ಲಿ ಯಾರಾದ್ರೂ ಕೂತು ಊಟ ಮಾಡಿದಾರಾ?"

"ಏನ್ ಮಾತು ಅಂತ ಆಡ್ತೀಯ."

"ನಮ್ಮನೇನೂ ಹೀಗೇ ಅಲ್ವಾ."

ಅವಳು ಹಗ್ಗ ಎತ್ತಿ ಒಳಗೆ ಹೋಗಿ, ಕುರ್ಚಿ ಎಳೆದು ಕೂತೇಬಿಟ್ಟಳು. ಎದುರಿನ ಕುರ್ಚಿ ತೋರಿಸಿದಳು. "ಬನ್ನಿ. ಒಂದು ನಿಮಿಷ. ಏನೂ ಹೇಳೋದು ಬೇಡ, ಬರೀ ಕೂತ್ಕೊಳ್ಳಿ. ನಾಳೆ ನಾನು ಹೋಗಲ್ಲ."

ಅವನು ಒಂದು ಹೆಜ್ಜೆ ಮುಂದಿಟ್ಟ. ಕೈ ಹಗ್ಗದ ಮೇಲಿತ್ತು. ಅಷ್ಟರಲ್ಲಿ ಕಾವಲುಗಾರ ಓಡಿ ಬಂದ.

"ಏಳಮ್ಮ, ಏಳು!" ಇವನನ್ನು ಕಂಡು ತಬ್ಬಿಬ್ಬಾದ. "ಸಾರ್, ನೀವಾ? ಇವರು... ನಿಮ್ಮ ಕಡೆಯವರಾ?"

"ಅಲ್ಲ."

ಬಾಯಿ ತಪ್ಪಿ ಬಂದ ಮಾತು. ಅಥವಾ ತಪ್ಪದೆಯೇ ಬಂದದ್ದು.

ಅವಳು ನಕ್ಕಳು. "ತಪ್ಪಾಯ್ತಪ್ಪಾ," ಎಂದು ಕಾವಲುಗಾರನಿಗೆ ಹೇಳಿ ಮೆಟ್ಟಿಲಿಳಿದು ಹೋದಳು. ಕಾವಲುಗಾರ ಅವಳ ಹಿಂದೆಯೇ ಹೋದ.

ಓಡಿಹೋಗಿ ಕೈ ಹಿಡಿಯಬೇಕಿತ್ತು. ಆದರೆ ಕುರ್ಚಿ ಗುರುತು ಬಿಟ್ಟು ವಾರೆಯಾಗಿತ್ತು. ಹಗ್ಗ ದಾಟಿ ಒಳಗೆ ಹೋಗಿ ನಾಲ್ಕೂ ಕಾಲುಗಳನ್ನು ಗುರುತಿಗೆ ಸರಿಯಾಗಿ ಕೂರಿಸಿದ. ಅವಳು ಕೂತ ಜಾಗ ಇನ್ನೂ ಬೆಚ್ಚಗಿತ್ತು. ಅಲ್ಲಿಂದ ಕೈ ತೆಗೆಯಲಾಗಲಿಲ್ಲ.

ಕಿಟಕಿಯಾಚೆ ನದಿ, ಸೇತುವೆ. ಸೇತುವೆಯ ಮೇಲೆ ಅವಳು, ಹಿಂದೆ ನೋಡದೆ.

ಪ್ರವಾಸಿಗಳ ಗುಂಪೊಂದು ಬಂತು. ಹಗ್ಗದ ಹೊರಗೆ ಸಾಲಾಗಿ ನಿಂತು ಮೇಜು ನೋಡಿದರು, ಹೂಜಿ ನೋಡಿದರು, ಅವನನ್ನು ನೋಡಿದರು.

"ಇಲ್ಲಿ ಎಲ್ಲಾ ಹೇಗಿತ್ತೋ ಹಾಗೇ ಇದೆ," ಎಂದ ಗೈಡು. "ಬನ್ನಿ, ಮುಂದಿನ ಕೋಣೆ."

ಅವರು ಹೋದರು. ಅಂಗೈಯ ಕೆಳಗೆ ಕುರ್ಚಿ ತಣ್ಣಗಾಗುತ್ತಿತ್ತು.